ಪಟಾಕಿಗೆ ಮೊದಲು ನಿದ್ದೆ ಮಾಡಿಸು

ಪ್ರಿಯ ರಘು,

ನೀನು ಕಳಿಸಿದ ನಾಯಿಮರಿಯ ವಿಡಿಯೋ ನೋಡಿದೆ. ಸೋಫಾದಿಂದ ದಿವಾನಕ್ಕೆ, ದಿವಾನದಿಂದ ಅಮ್ಮನ ಸೆರಗಿಗೆ, ಅಲ್ಲಿಂದ ಮತ್ತೆ ಸೋಫಾಗೆ. ಮಗಳು ಪಟಾಕಿ ಅಂತ ಹೆಸರಿಟ್ಟದ್ದು ಸರಿಯಾಗಿಯೇ ಇದೆ. "ಇದನ್ನು ಸುಮ್ಮನಿರಿಸೋಕೆ ಮಾತ್ರೆ ಏನಾದರೂ ಇದೆಯೇನೋ" ಅಂತ ಕೇಳಿದ್ದೀಯ. ಹುಳದ ಔಷಧಿ ಬಿಟ್ಟರೆ ಇನ್ಯಾವ ಮಾತ್ರೆಯೂ ಬೇಡ ಕಣೋ. ಮೂರು ತಿಂಗಳ ಮರಿ, ಗಟ್ಟಿಮುಟ್ಟಾಗಿದೆ, ಚೆನ್ನಾಗಿ ತಿನ್ನುತ್ತಿದೆ. ಉಳಿದದ್ದು ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸುವಂಥದ್ದಲ್ಲ, ಅದಕ್ಕೇ ಈ ಪತ್ರ. ಇದೇ ಗೋಳು ಇನ್ನೂ ನಾಲ್ಕು ಮನೆಯಲ್ಲಿ ಇರುತ್ತದೆ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಮೊದಲು ನೀನು ಮನೆಗೆ ತಂದಿರುವುದು ಏನು ಅಂತ ತಿಳಿದುಕೋ. ಮಾರಿದವನು "ಮಿನಿ ಡಾಬರ್‌ಮನ್ ಸಾರ್" ಅಂದನಂತೆ. ತುಂಬಾ ಜನ ಹಾಗೆ ಹೇಳಿಯೇ ಮಾರುತ್ತಾರೆ. ಆದರೆ ನಿನ್ನದು ಮಿನಿಯೇಚರ್ ಪಿನ್ಷರ್, ಚಿಕ್ಕದಾಗಿ ಮಿನ್‌ಪಿನ್. ಅದು ಡಾಬರ್‌ಮನ್ನನ್ನು ಕುಗ್ಗಿಸಿ ಮಾಡಿದ್ದಲ್ಲ. ಡಾಬರ್‌ಮನ್ ತಳಿ ರೂಪುಗೊಂಡಿದ್ದು 19ನೇ ಶತಮಾನದ ಕೊನೆಯಲ್ಲಿ, ಜರ್ಮನಿಯ ಅಪೋಲ್ಡಾ ಎಂಬ ಊರಿನಲ್ಲಿ. ಮಿನ್‌ಪಿನ್ ಅದಕ್ಕಿಂತ ಹಳೆಯದು. ಅದೂ ಜರ್ಮನಿಯದೇ, ಆದರೆ ಅದರ ಕಸುಬು ಕಾವಲಲ್ಲ. ಕೊಟ್ಟಿಗೆಯಲ್ಲಿ, ಮನೆಯಲ್ಲಿ ಇಲಿ ಹಿಡಿಯುವುದು. ಬೆಳೆದರೂ ನಾಲ್ಕೈದು ಕೆ.ಜಿ. ತೂಗುವ ಪ್ರಾಣಿ, ಮೊಣಕಾಲಿನ ತನಕ ಬಂದರೆ ಹೆಚ್ಚು. ಸದ್ದಾದ ಕಡೆ ಕಿವಿ ನಿಮಿರಬೇಕು, ಅಲುಗಾಡಿದ್ದರ ಮೇಲೆ ಹಾರಬೇಕು. ಇಲಿ ಕಂಡಾಗ ಯಜಮಾನನ ಮುಖ ನೋಡಿ ಅಪ್ಪಣೆಗೆ ಕಾಯುತ್ತಾ ನಿಂತರೆ ಇಲಿ ಅಲ್ಲೇ ಇರುತ್ತದಾ? ಹಾಗೆ ಕಾಯದ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದ್ದಾರೆ. ಈಗ ನಿನ್ನ ಎರಡು ಬೆಡ್‌ರೂಮಿನ ಮನೆಯಲ್ಲಿ ಇಲಿ ಇಲ್ಲ. ನೆಲ ಒರೆಸುವ ಮಾಪ್ ಇದೆ, ಅಮ್ಮನ ಸೆರಗಿದೆ, ಮಗಳ ಕಾಲಿನ ಸಾಕ್ಸ್ ಇದೆ. ಅಲುಗಾಡುವುದೆಲ್ಲ ಅದಕ್ಕೆ ಇಲಿಯೇ.

ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನಿನಗೆ ಹೇಳಿದ್ದು ಒಂದೇ ಮಾತು: ಚೆನ್ನಾಗಿ ಓಡಿಸಿ ಸುಸ್ತು ಮಾಡಿಸಿ. ನೀನು ಆಫೀಸಿನಿಂದ ಬಂದು ಕಾರಿಡಾರಿನಲ್ಲಿ ಚೆಂಡು ಎಸೆಯುತ್ತಾ ನಿಲ್ಲುತ್ತೀಯ. ರಾತ್ರಿ ಎಂಟಕ್ಕೆ ಅದು ಸುಸ್ತಾಗುವುದರ ಬದಲು ಹುಚ್ಚೆದ್ದು ಕುಣಿಯುತ್ತದೆ. ಅಲ್ವಾ? ನನಗೆ ಈ ಸಲಹೆ ಕೇಳಿದರೇ ಆಗುವುದಿಲ್ಲ. ಚೆಂಡು ಎಸೆದಷ್ಟೂ ಮರಿಗೆ ಅಮಲು ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಜೊತೆಗೆ ದಿನವೂ ಓಡಿ ಓಡಿ ಕಸುವು ಬೇರೆ ಜಾಸ್ತಿ ಆಗುತ್ತದೆ. ಮುಂದಿನ ತಿಂಗಳು ಅದನ್ನು ದಣಿಸೋಕೆ ಇದರ ಎರಡರಷ್ಟು ಎಸೆಯಬೇಕು. ನಿನಗೆ ಭುಜ ನೋವು, ಅದಕ್ಕೆ ಇನ್ನೂ ಹುಮ್ಮಸ್ಸು.

ಅದಕ್ಕೆ ಕಡಿಮೆ ಬಿದ್ದಿರುವುದು ನಿದ್ದೆ. ಈ ವಯಸ್ಸಿನ ಮರಿ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಮಾಡಬೇಕು. ಗಾಬರಿಯಾಗಬೇಡ, ಸರಿಯಾಗೇ ಓದಿದ್ದೀಯ. ನಿನ್ನ ಮನೆಯಲ್ಲಿ ಎಷ್ಟು ಮಲಗುತ್ತದೆ ನೋಡು. ಬೆಳಿಗ್ಗೆ ಕುಕ್ಕರ್ ಸೀಟಿ, ಮಗಳ ಸ್ಕೂಲಿನ ಗಡಿಬಿಡಿ, ಕೆಲಸದವರು, ಮಧ್ಯಾಹ್ನ ಅಮ್ಮನ ಧಾರಾವಾಹಿ, ಮೂರು ಸಲ ಡೆಲಿವರಿ ಬೆಲ್, ನಾಲ್ಕಕ್ಕೆ ಮಗಳು ಬಂದು ಮಲಗಿದ್ದನ್ನು ಎತ್ತಿ ಮುದ್ದಾಡುವುದು. ಮದುವೆ ಮನೆಯಲ್ಲಿ ರಾತ್ರಿ ಹನ್ನೊಂದಾದರೂ ಮಲಗದೆ, ಕಣ್ಣು ಕೆಂಪಗೆ ಮಾಡಿಕೊಂಡು, ಸ್ಟೇಜಿನ ಮೇಲೆ ಓಡಾಡಿ ಕೊನೆಗೆ ರಂಪ ಮಾಡುವ ಮಕ್ಕಳನ್ನು ನೋಡಿದ್ದೀಯಲ್ಲ? ನಿನ್ನ ಪಟಾಕಿಯ ಎಂಟು ಗಂಟೆಯ ಅವತಾರ ಅದೇ. ಆಗ ಚೆಂಡು ತೆಗೆದುಕೊಂಡರೆ ಕಥೆ ಮುಗಿಯಿತು.

ಮಲಗುವ ಕೋಣೆಯ ಒಂದು ಮೂಲೆಯಲ್ಲಿ ಮಡಚುವ ಕ್ರೇಟ್, ಅಂದರೆ ನಾಯಿ ಮಲಗುವ ಗೂಡು, ಇಡು. ಬಾಲ್ಕನಿ ಬೇಡ, ಅಲ್ಲಿ ಸದ್ದು, ಬಿಸಿಲು ಎರಡೂ. ಮೂರು ಕಡೆ ಹಳೆ ಬೆಡ್‌ಶೀಟ್ ಇಳಿಬಿಡು. ಮೊದಲ ಕೆಲವು ದಿನ ಬಾಗಿಲು ಹಾಕಲೇಬೇಡ, ಊಟ ಅದರೊಳಗೇ ಕೊಡು. ತಾನಾಗಿಯೇ ಹೋಗಿ ಬರುವುದು ರೂಢಿಯಾದ ಮೇಲೆ ಬಾಗಿಲು. ಒಂದು ಗಂಟೆ ಎಚ್ಚರವಾಗಿದ್ದರೆ ಸಾಕು: ಉಚ್ಚೆ ಮಾಡಿಸು, ಆಡಿಸು, ಏನಾದರೂ ಕಲಿಸು, ಮತ್ತೆ ಮಲಗಿಸು. ಎರಡು ಗಂಟೆ ಮಲಗಿದರೂ ಮಲಗಲಿ. ಎದ್ದು ಕುಂಯ್ ಅಂದರೆ ಮೊದಲು ಉಚ್ಚೆಗೆ ಕರೆದುಕೊಂಡು ಹೋಗು. ಮೂರು ತಿಂಗಳ ಮರಿ ಹೆಚ್ಚೆಂದರೆ ಮೂರು ನಾಲ್ಕು ಗಂಟೆ ತಡೆಯಬಲ್ಲದು, ಅದೂ ಮಲಗಿದ್ದಾಗ. ಸಣ್ಣ ತಳಿಗೆ ಇನ್ನೂ ಕಡಿಮೆ. ಮಗಳಿಗೆ ಒಂದೇ ಕಾನೂನು: ಮಲಗಿದ ಮರಿಯನ್ನು ಮುಟ್ಟುವಂತಿಲ್ಲ. ಅವಳು ನಿನಗಿಂತ ಚೆನ್ನಾಗಿ ಪಾಲಿಸುತ್ತಾಳೆ, ನೋಡ್ತಿರು.

ಎಚ್ಚರವಾಗಿದ್ದಾಗ ಸುಮ್ಮನಿರುವುದನ್ನು ಕಲಿಸಬೇಕು. ಇದನ್ನು ಯಾರೂ ಕಲಿಸುವುದೇ ಇಲ್ಲ. ಕೂರು, ಶೇಕ್‌ಹ್ಯಾಂಡ್, ಉರುಳು ಅಂತ ಸರ್ಕಸ್ ಕಲಿಸುತ್ತಾರೆ. ಬೆಳಿಗ್ಗೆ ಕಾಫಿ ಹಿಡಿದು ಕೂರುತ್ತೀಯಲ್ಲ, ಆಗ ಅದರ ದಿನದ ಊಟದಿಂದಲೇ ಒಂದು ಹಿಡಿ ಕಾಳು (ಒಣ ಡಾಗ್ ಫುಡ್) ಬಟ್ಟಲಿಗೆ ಹಾಕಿ ಪಕ್ಕದಲ್ಲಿಟ್ಟುಕೋ. ಕುಣಿಯುತ್ತದೆ. ಪ್ಯಾಂಟ್ ಎಳೆಯುತ್ತದೆ. ಬೊಗಳಿ ನೋಡುತ್ತದೆ. ಬಯ್ಯಬೇಡ, ತಳ್ಳಬೇಡ, ಅದರ ಕಡೆ ನೋಡಲೂಬೇಡ. ಪೇಪರ್ ಓದು. ಏನೂ ಸಿಗಲಿಲ್ಲ ಅಂದಾಗ ಒಂದು ಹೊತ್ತಿಗೆ ಉಸ್ಸಂತ ಕೂರುತ್ತದೆ, ಆಮೇಲೆ ಮಲಗುತ್ತದೆ. ಆ ಕ್ಷಣ ಮಾತಾಡದೆ, ಮುಂಗಾಲುಗಳ ನಡುವೆ ನೆಲದ ಮೇಲೆ ಒಂದು ಕಾಳು ಇಡು. "ಗುಡ್ ಗರ್ಲ್" ಅಂತ ಕೂಗಿದೆಯೋ, ಎದ್ದು ಮತ್ತೆ ಕುಣಿತ ಶುರು. ತಿಂದು ಹಾಗೇ ಮಲಗಿದ್ದರೆ ಇನ್ನೊಂದು ಇಡು. ಹಿಂಗಾಲು ಹೇಗಿದೆ ಗಮನಿಸು. ಎರಡೂ ಕಾಲು ಮೈಕೆಳಗೆ ಮಡಚಿಕೊಂಡಿದ್ದರೆ ಅದು ಎದ್ದೋಡೋಕೆ ತಯಾರಾಗಿಯೇ ಇದೆ. ಸೊಂಟ ಒಂದು ಪಕ್ಕಕ್ಕೆ ವಾಲಿತು, ಗದ್ದ ನೆಲಕ್ಕೆ ತಾಗಿತು ಅಂದರೆ ನಿಜವಾಗಿಯೂ ಸಡಿಲಾಯಿತು ಅಂತ. ಅದಕ್ಕೆ ಎರಡು ಕಾಳು ಕೊಡು, ನಷ್ಟವಿಲ್ಲ.

ಇದು ಹಿಡಿದುಕೊಂಡ ಮೇಲೆ ಅದೇ ಆಟವನ್ನು ಒಂದು ಸಣ್ಣ ಮ್ಯಾಟಿನ ಮೇಲೆ ಮಾಡು. ಮ್ಯಾಟ್ ಹಾಸಿದರೆ ಅಲ್ಲಿ ಮಲಗಬೇಕು ಅಂತ ಆಗುತ್ತದೆ. ಮುಂದೆ ಬೆಲ್ ಆದಾಗ, ನೆಂಟರು ಬಂದಾಗ, ಹೋಟೆಲಿಗೆ ಹೋದಾಗ ಈ ಮ್ಯಾಟ್ ನಿನ್ನ ಮಾನ ಉಳಿಸುತ್ತದೆ.

ಚೆಂಡಿನ ಬದಲು ಮೂಗಿಗೆ ಕೆಲಸ ಕೊಡು. ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಪ್ಲಾಸ್ಟಿಕ್ ಆಟಿಕೆ ತರಬೇಡ, ಅಮ್ಮನ ಹತ್ತಿರ ಬೀಡಿನ ಪಡ್ಡಿನ ಹೆಂಚು ಇದೆಯಲ್ಲ, ಅದನ್ನು ಕೇಳು. ಕೊಡುವುದಿಲ್ಲ ಅಂತ ಗೊತ್ತು, ಹಳೆಯದೊಂದನ್ನು ಅಟ್ಟದಿಂದ ಇಳಿಸು. ಒಂದೊಂದು ಗುಳಿಗೂ ಎರಡು ಮೂರು ಕಾಳು ಹಾಕಿ, ಮೇಲೆ ಹಳೆ ಟವೆಲ್ ಮುದ್ದೆ ಮಾಡಿ ಮುಚ್ಚು. ಮೊದಲು ಟವೆಲ್ ಎಳೆಯಬೇಕು, ಆಮೇಲೆ ಗುಳಿಯಿಂದ ನಾಲಿಗೆ ಹಾಕಿ ಕಾಳು ತೆಗೆಯಬೇಕು. ಬೀಡಿನದು ಭಾರ, ಮಗುಚಿ ಹಾಕೋಕೆ ಆಗುವುದಿಲ್ಲ. ಮೂಗಿನಲ್ಲಿ ಸೊಯ್ ಸೊಯ್ ಅಂತ ಮೂಸುವ ಸದ್ದು ಬಿಟ್ಟರೆ ಮನೆ ನಿಶ್ಶಬ್ದ. ಇಲಿ ಹುಡುಕುವ ನಾಯಿಗೆ ಹುಡುಕೋಕೆ ಏನಾದರೂ ಸಿಕ್ಕಿತಲ್ಲ. ಹತ್ತು ನಿಮಿಷ ಹೀಗೆ ಮೂಸಿದರೆ ತಾನೇ ಹೋಗಿ ಬಿದ್ದುಕೊಳ್ಳುತ್ತದೆ. ಟವೆಲ್ಲನ್ನು ಮಾತ್ರ ಹತ್ತಿರವೇ ಇದ್ದು ನೋಡಿಕೋ, ದಾರ ಕಿತ್ತು ನುಂಗಬಾರದು.

ಕಚ್ಚುವುದು. ಮಗಳ ಕೈಯ ಫೋಟೋ ನೋಡಿದೆ, ಪಾಪ. ಹಾಲುಹಲ್ಲು 28, ಒಂದೊಂದೂ ಸೂಜಿ. ನಾಲ್ಕು ತಿಂಗಳ ಸುಮಾರಿಗೆ ಬೀಳೋಕೆ ಶುರುವಾಗಿ ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದಿರುತ್ತವೆ. ಅಲ್ಲಿಯವರೆಗೆ ವಸಡು ಕೆರೆಯುತ್ತದೆ, ಕಚ್ಚುತ್ತದೆ. ಒದ್ದೆ ಬಟ್ಟೆಗೆ ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಡು. ಮಗಳು ಕಿರುಚಿ ಓಡುತ್ತಾಳೆ ಅಂದೆ. ಕಿರುಚಿಕೊಂಡು ಓಡುವುದು ಇನ್ನೇನು, ಇಲಿ. ಮರದ ಹಾಗೆ ನಿಂತುಬಿಡು ಅಂತ ಹೇಳಿಕೊಡು. ಬಿಡಲಿಲ್ಲವಾ, ನೀವೇ ಬಾಗಿಲ ಆಚೆ ಹೋಗಿ ಅರ್ಧ ನಿಮಿಷ ಬಿಟ್ಟು ಬನ್ನಿ. ಆಟ ನಿಂತಿತು ಅನ್ನುವುದೇ ಅದಕ್ಕೆ ಸಾಕಷ್ಟು ಶಿಕ್ಷೆ. ಮತ್ತೂ ಕಚ್ಚುತ್ತಿದ್ದರೆ ಗಡಿಯಾರ ನೋಡು, ನಿದ್ದೆಯ ಹೊತ್ತಾಗಿರುತ್ತದೆ.

ಇನ್ನು ನಿಮ್ಮ ಬ್ಲಾಕಿಗೆ ಬರುವ ಟ್ರೈನರ್ ವಿಷಯ. ಕಚ್ಚಿದಾಗ ಅಂಗಾತ ಕೆಡವಿ ಕತ್ತು ಒತ್ತಿ ಹಿಡಿಯಿರಿ, ನೀವು ಆಲ್ಫಾ, ಅಂದರೆ ಗುಂಪಿನ ಯಜಮಾನ, ಅಂತ ಗೊತ್ತಾಗಬೇಕು ಅಂದನಂತೆ. ಅವನನ್ನು ಬಿಡಿಸು. ಈ ಆಲ್ಫಾ ಕಥೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಸ್ ವಿಜ್ಞಾನಿ ಬರೆದ ಲೇಖನದಲ್ಲಿದೆ. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು. ಆ ಮಾತನ್ನು ಲೋಕಕ್ಕೆಲ್ಲ ಹಬ್ಬಿಸಿದವರಲ್ಲಿ ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ ಒಬ್ಬರು. ಅವರೇ ಕಾಡಿನ ತೋಳಗಳ ಜೊತೆ ವರ್ಷಗಟ್ಟಲೆ ಕಳೆದು 1999ರಲ್ಲಿ ಬರೆದರು: ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಅವರ ಮಕ್ಕಳು, ಅಲ್ಲಿ ಪಟ್ಟಕ್ಕಾಗಿ ಜಗಳ ಇಲ್ಲ. ಹೇಳಿದವರೇ ವಾಪಸ್ ತೆಗೆದುಕೊಂಡ ಮಾತನ್ನು ನಮ್ಮ ಟ್ರೈನರ್‌ಗಳು ಇನ್ನೂ ತಿಂಗಳಿಗಿಷ್ಟು ಅಂತ ಮಾರುತ್ತಿದ್ದಾರೆ. ಎರಡು ಕೆ.ಜಿ. ಇಲ್ಲದ ಮರಿಯ ಕತ್ತು ಒತ್ತಿದರೆ ಅದು ಕಲಿಯುವುದು ಒಂದೇ, ಮನುಷ್ಯನ ಕೈ ಬಂದರೆ ಹೆದರಬೇಕು ಅಂತ. ಹೆದರಿದ ಸಣ್ಣ ನಾಯಿ ದೊಡ್ಡದಾದ ಮೇಲೆ ಹೇಳದೆ ಕೇಳದೆ ಕಚ್ಚುತ್ತದೆ.

ಸಣ್ಣ ನಾಯಿ ಸಾಕುವವರ ಮೇಲೆ ನನಗೆ ಇನ್ನೊಂದು ತಕರಾರಿದೆ. ಲ್ಯಾಬ್ರಡಾರ್ ಮೈಮೇಲೆ ಹಾರಿದರೆ ತಡೆಯುತ್ತೀರಿ, ಪುಟಾಣಿ ಹಾರಿದರೆ "ಅಯ್ಯೋ ಚಿನ್ನು" ಅಂತ ಎತ್ತಿಕೊಳ್ಳುತ್ತೀರಿ. ಹಾರಿದರೆ ತೋಳು ಸಿಗುತ್ತದೆ ಅಂತ ಗೊತ್ತಾದ ಮೇಲೆ ಯಾವ ನಾಯಿ ಬಿಡುತ್ತದೆ? ನಾಲ್ಕೂ ಕಾಲು ನೆಲದ ಮೇಲಿದ್ದಾಗ ನೀನೇ ಬಗ್ಗಿ ಮುದ್ದಿಸು. ಸೋಫಾದಿಂದ ಧುಮುಕುವುದನ್ನಂತೂ ಇವತ್ತೇ ನಿಲ್ಲಿಸು. ಇವುಗಳ ಮುಂಗಾಲಿನ ಮೂಳೆ ಪೆನ್ಸಿಲ್ ಗಾತ್ರ. ಸೋಫಾದಿಂದ ಹಾರಿ ಮೂಳೆ ಮುರಿದುಕೊಂಡು ಬರುವ ಮರಿಗಳನ್ನು ನೋಡದ ವೆಟ್ ಇರಲಾರರು. ಒಂದು ಗಟ್ಟಿ ದಿಂಬಾದರೂ ಕೆಳಗೆ ಹಾಕು. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆಯಬೇಡ, ಎದೆಗೆ ಹಾಕುವ ಹಾರ್ನೆಸ್ ತಗೋ. ಸಣ್ಣ ತಳಿಗಳ ಶ್ವಾಸನಾಳ ನಾಜೂಕು.

ಲಸಿಕೆ ಪೂರ್ತಿಯಾಗುವ ತನಕ ರಸ್ತೆಯ ಮೇಲೆ ಇಳಿಸಬೇಡ, ಪಾರ್ವೋ ಅನ್ನುವ ವೈರಸ್ ರೋಗ ಬಂದರೆ ಮರಿ ಉಳಿಯುವುದೇ ಕಷ್ಟ. ಹಾಗಂತ ಮನೆಯೊಳಗೇ ಕೂಡಿಹಾಕಿದರೂ ಆಗುವುದಿಲ್ಲ. ಲೋಕ ಅಂದರೆ ಹೀಗಿರುತ್ತದೆ ಅಂತ ಮರಿ ಕಲಿಯುವುದು ಸುಮಾರು 14 ವಾರದೊಳಗೆ. ಎತ್ತಿಕೊಂಡೇ ತೋರಿಸು. ಗೇಟಿನ ಹತ್ತಿರ ನಿಂತು ಆಟೋ, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ ಎಲ್ಲರನ್ನೂ ನೋಡಲಿ, ನೋಡಿದಾಗೆಲ್ಲ ಬಾಯಿಗೊಂದು ಕಾಳು. ದೀಪಾವಳಿಗೂ ಈಗಲೇ ತಯಾರಿ ಮಾಡು. ಊಟ ಮಾಡುವಾಗ ಮೊಬೈಲಿನಲ್ಲಿ ಸಿಡಿಮದ್ದಿನ ಸದ್ದು ಕೇಳಿಯೂ ಕೇಳದ ಹಾಗೆ ಹಾಕು, ದಿನ ಕಳೆದಂತೆ ಸ್ವಲ್ಪ ಸ್ವಲ್ಪ ಏರಿಸು. ಕಿವಿ ಹಿಂದಕ್ಕೆ ಮಡಚಿ ತಿನ್ನುವುದು ನಿಲ್ಲಿಸಿತೋ, ಜಾಸ್ತಿ ಆಯಿತು ಅಂತ ಅರ್ಥ. ಪಟಾಕಿ ಅಂತ ಹೆಸರಿಟ್ಟುಕೊಂಡು ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರಿದರೆ ಬ್ಲಾಕಿನವರೆಲ್ಲ ನಗುತ್ತಾರೆ.

ಒಂದೇ ವಾರದಲ್ಲಿ ಎಲ್ಲ ಸರಿಹೋಗಲಿಲ್ಲ ಅಂತ ನನಗೆ ಫೋನ್ ಮಾಡಿ ಬಯ್ಯಬೇಡ. ನಿದ್ದೆ ಸರಿಯಾದರೆ ವ್ಯತ್ಯಾಸ ಬೇಗ ಕಾಣುತ್ತದೆ, ಉಳಿದದ್ದಕ್ಕೆ ತಿಂಗಳುಗಳು ಹಿಡಿಯುತ್ತವೆ. ಆರೇಳು ತಿಂಗಳಿಗೆ ಹರೆಯ ಬಂದಾಗ ಕಲಿತದ್ದೆಲ್ಲ ಮರೆತ ಹಾಗೆ ಆಡುತ್ತದೆ, ಅದಕ್ಕೂ ಸಿದ್ಧವಾಗಿರು. ಮಿನ್‌ಪಿನ್ ಯಾವತ್ತೂ ಮೂಲೆಯಲ್ಲಿ ಬಿದ್ದಿರುವ ನಾಯಿ ಆಗುವುದಿಲ್ಲ. ಅಂಥದ್ದು ಬೇಕಿದ್ದರೆ ತರುವ ಮೊದಲು ನನ್ನ ಕೇಳಬೇಕಿತ್ತು.

ವಿಡಿಯೋ ಕೊನೆಯಲ್ಲಿ ಅಮ್ಮ ತಟ್ಟೆಯಿಂದ ಸಾಂಬಾರನ್ನ ಕಲಸಿ ಹಾಕುತ್ತಿದ್ದದ್ದೂ ಕಾಣಿಸಿತು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನೇ ಹಾಳು ಮಾಡುತ್ತವೆ, ಇಷ್ಟು ಸಣ್ಣ ಮೈಗೆ ಸ್ವಲ್ಪವೇ ಜಾಸ್ತಿ. ಪಾಯಸದ ಒಣದ್ರಾಕ್ಷಿ, ಮಗಳ ಚಾಕೊಲೇಟ್ ಕೂಡ ವಿಷವೇ. ಇದನ್ನು ಅಮ್ಮನಿಗೆ ನೀನು ಹೇಳೋಕೆ ಹೋಗಬೇಡ, ಭಾನುವಾರ ನಾನೇ ಫೋನ್ ಮಾಡಿ ಹೇಳುತ್ತೇನೆ. ನಿನ್ನ ಮಾತನ್ನು ಅವರು ಯಾವಾಗ ಕೇಳಿದ್ದಾರೆ?

ನಿನ್ನ,
ಶ್ರೀಧರ
ಮೈಸೂರು