ಸೋಲಿಗ ಮಾತು ಮತ್ತು ಶನಿವಾರದ ಪಾಠದ ಬಗ್ಗೆ ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ಹಾಗೂ ನಮ್ಮ ಬಿಳಿಗಿರಿ ಬೆಟ್ಟದ ಪೋಡುಗಳ (ಸೋಲಿಗ ಆದಿವಾಸಿಗಳ ಹಾಡಿಗಳ) ಹಿರಿಯರಿಗೆ ನಮಸ್ಕಾರಗಳು.

ಕಳೆದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿಮ್ಮಲ್ಲಿ ಕೆಲವರು ಎತ್ತಿದ ಪ್ರಶ್ನೆಗೆ ಅಲ್ಲಿಯೇ ಪೂರ್ತಿ ಉತ್ತರ ಕೊಡಲು ಆಗಲಿಲ್ಲ. ಮಳೆ ಹಿಡಿದಿತ್ತು, ದೂರದ ಪೋಡಿನವರು ಆನೆ ದಾಟುವ ಹೊತ್ತಿಗೆ ಮುಂಚೆ ಮನೆ ಸೇರಬೇಕಿತ್ತು. ಆಮೇಲೆ ಅದೇ ವಿಷಯ ಬರವಣಿಗೆಯಲ್ಲೂ ಬಂದಿರುವುದರಿಂದ ಈ ಪತ್ರ. ಓದು ಬಾರದ ಹಿರಿಯರು ಮಕ್ಕಳ ಕೈಲಿ ಓದಿಸಿ ಕೇಳಿ. ಐದನೇ ತರಗತಿಯವರು ತಡವರಿಸದೆ ಓದುತ್ತಾರೆ. ಶಾಲೆಯಲ್ಲಿ ಏನು ಕಲಿಸುತ್ತಾರೆ ಎಂಬ ಅನುಮಾನಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಕ್ಷೇಪ ಇಷ್ಟು: ಒಂದರಿಂದ ಮೂರನೇ ತರಗತಿಯವರೆಗೆ ಪಾಠವನ್ನು ಸೋಲಿಗ ಮಾತಿನಲ್ಲಿ ಬಿಡಿಸಿ ಹೇಳುವುದು ಬೇಡ, ಶನಿವಾರ ಹಿರಿಯರನ್ನು ಕರೆಸಿ ಕಾಡಿನ ಪಾಠ ಮಾಡಿಸುವುದೂ ಬೇಡ. ‘ನಮ್ಮ ಮಾತು ಮನೇಲೇ ಬರ್ತದೆ ಮೇಡಂ, ಕಾಡು ನಾವೇ ತೋರಿಸ್ತೀವಿ, ನೀವು ಇಂಗ್ಲಿಷ್ ಕಲಿಸಿ’ ಎಂದು ಒಬ್ಬರು ಹೇಳಿದರು. ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಮಗ ಯಳಂದೂರಿಗೋ ಚಾಮರಾಜನಗರಕ್ಕೋ ಹೋಗಿ ಯಾರ ಮುಂದೆಯೂ ತಲೆ ತಗ್ಗಿಸದೆ ಓದಬೇಕು ಎಂಬ ಆಸೆಯ ಮಾತು ಅದು. ನನ್ನ ಆಸೆಯೂ ಅದೇ.

ಮೊದಲಿಗೆ ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಇಂಗ್ಲಿಷಿನ ಒಂದು ಪೀರಿಯಡ್ಡೂ ಕಡಿಮೆಯಾಗಿಲ್ಲ. ಗಣಿತದ್ದೂ ಆಗಿಲ್ಲ. ವೇಳಾಪಟ್ಟಿಯನ್ನು ಕಚೇರಿ ಬಾಗಿಲಿನ ಪಕ್ಕದಲ್ಲೇ ಅಂಟಿಸಿದ್ದೇವೆ, ಬಂದು ನೋಡಬಹುದು. ಶನಿವಾರದ ಪಾಠ ನಡೆಯುವುದು ಚಿತ್ರಕಲೆ, ಕಾರ್ಯಾನುಭವದ ಅವಧಿಯಲ್ಲಿ. ಪಠ್ಯಪುಸ್ತಕಗಳು ಸರ್ಕಾರದವೇ, ಪರೀಕ್ಷೆ ಬರೆಯುವುದು ಕನ್ನಡದಲ್ಲೇ.

ಹಾಗಾದರೆ ಸೋಲಿಗ ಮಾತು ಯಾಕೆ? ‘ನಮ್ಮದೂ ಕನ್ನಡವೇ ಅಲ್ಲವಾ’ ಎಂದು ಸಭೆಯಲ್ಲಿ ಕೇಳಿದಿರಿ. ನಿಮ್ಮ ಮಾತು ಕನ್ನಡಕ್ಕೆ ತುಂಬ ಹತ್ತಿರದ್ದು, ನಿಜ. ತೊಡಕಿರುವುದೂ ಅಲ್ಲೇ. ಪೂರ್ತಿ ಬೇರೆ ಭಾಷೆಯಾಗಿದ್ದರೆ ಮಗುವಿಗೆ ತಿಳಿಯಲಿಲ್ಲ ಎಂದು ಟೀಚರಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಇಲ್ಲಿ ಮಗು ಅರ್ಧ ತಿಳಿದು ತಲೆಯಾಡಿಸುತ್ತದೆ, ಕೆಳಗಿನಿಂದ ಬಂದ ಟೀಚರು ಪೂರ್ತಿ ತಿಳಿಯಿತು ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ಹೀಗೆ ತಲೆಯಾಡಿಸುತ್ತಲೇ ನಾಲ್ಕನೇ ತರಗತಿಗೆ ಬಂದ ಮಕ್ಕಳಿದ್ದಾರೆ. ಆ ಹೊತ್ತಿಗೆ ಭಾಗಾಕಾರದ ಲೆಕ್ಕ ಎದುರಿಗೆ ಬಂದು ನಿಂತಿರುತ್ತದೆ, ಆಮೇಲೆ ‘ಇವನಿಗೆ ಲೆಕ್ಕ ಹತ್ತೋದಿಲ್ಲ’ ಎಂಬ ಹೆಸರು. ಮೊದಲ ಮೂರು ವರ್ಷ ಮಗುವಿನ ಮಾತಿನಲ್ಲಿ ಹೇಳಿ, ಅದರ ಮೇಲೆ ಪುಸ್ತಕದ ಕನ್ನಡ ಕಟ್ಟಿ, ಆಮೇಲೆ ಇಂಗ್ಲಿಷ್ ಕಟ್ಟುವುದು ಬೇಗ ತಲುಪುವ ದಾರಿ. ಇಂಗ್ಲಿಷಿಗೆ ಅಡ್ಡ ಬರುವುದಕ್ಕಲ್ಲ, ಇಂಗ್ಲಿಷ್ ಬರಲಿ ಎಂದೇ ಇದನ್ನು ಮಾಡುತ್ತಿರುವುದು. ಮತ್ತೆ ಮತ್ತೆ ಅದನ್ನೇ ಹೇಳುತ್ತಿದ್ದೇನೆ ಎನ್ನಿಸಬಹುದು. ದೂರಿನಲ್ಲೂ ಮತ್ತೆ ಮತ್ತೆ ಅದೇ ಇದೆ.

ಇದು ನನ್ನ ಮನಸ್ಸಿಗೆ ಬಂದದ್ದನ್ನು ಮಾಡಿದ್ದೂ ಅಲ್ಲ. ಸಾಧ್ಯವಿದ್ದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಬೋಧನೆ ಇರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಒಡಿಶಾದಲ್ಲಿ ಸಂತಾಲಿ, ಕುಯಿ, ಸೌರದಂಥ ಆದಿವಾಸಿ ಭಾಷೆಗಳಲ್ಲಿ ಸರ್ಕಾರವೇ 2007ರಲ್ಲಿ ಪ್ರಾಥಮಿಕ ಪಾಠ ಶುರುಮಾಡಿತು. ನಮ್ಮಲ್ಲಿ ಅಂಥ ಪುಸ್ತಕಗಳಿಲ್ಲ, ಇರುವುದು ಪೋಡಿನಿಂದಲೇ ಬಂದ ಅತಿಥಿ ಶಿಕ್ಷಕಿ ಒಬ್ಬರು. ಆಡುತ್ತ ಕಲಿಯುವ ನಲಿಕಲಿ ಪದ್ಧತಿ ಕೂಡ ಹುಟ್ಟಿದ್ದು 1995ರಲ್ಲಿ ಪಕ್ಕದ ಎಚ್.ಡಿ. ಕೋಟೆಯಲ್ಲಿ, ಹಾಡಿಗಳ ನಡುವೆ. ಅದು ಬಂದಾಗಲೂ ‘ಬರೀ ಆಟ ಆಡಿಸ್ತಾರೆ’ ಎನ್ನುವವರಿದ್ದರು.

ಇನ್ನು ಶನಿವಾರದ ವಿಷಯ. ‘ಗಡ್ಡೆ ಅಗೆಯೋದು ಕಲಿಯೋಕೆ ಶಾಲೆಗೆ ಕಳಿಸಬೇಕಾ’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಒಂದು ಶನಿವಾರ ನಡೆದದ್ದನ್ನು ಹೇಳುತ್ತೇನೆ. ಪೋಡಿನ ಒಬ್ಬ ಅಜ್ಜ ತಮ್ಮ ಹಿತ್ತಲಲ್ಲಿ ನೆಟ್ಟ ಬಳ್ಳಿಯಿಂದ ಮಾಕಳಿ ಬೇರು ತಂದಿದ್ದರು. ಕುರ್ಚಿ ಒಗ್ಗದೆ ನೆಲದ ಮೇಲೇ ಕುಳಿತರು, ಮಕ್ಕಳು ಸುತ್ತ ಕುಳಿತರು. ಬುಡದ ಬೇರನ್ನು ಬಿಟ್ಟು ಪಕ್ಕದ ಬೇರುಗಳನ್ನಷ್ಟೇ ತೆಗೆದು ಮಣ್ಣು ಮುಚ್ಚಬೇಕು, ಇಲ್ಲದಿದ್ದರೆ ಬಳ್ಳಿ ಮತ್ತೆ ಚಿಗುರುವುದಿಲ್ಲ ಎಂದು ತೋರಿಸಿದರು. ಮೂರನೇ ತರಗತಿಯವರು ಸ್ಕೇಲು ಹಿಡಿದು ಬೇರಿನ ಉದ್ದ ಅಳೆದು ಬರೆದುಕೊಂಡರು. ನಾಲ್ಕು ಬೇರಲ್ಲಿ ಮೂರು ತೆಗೆದರೆ ಉಳಿದದ್ದು ಎಷ್ಟು ಭಾಗ ಎಂಬುದು ನಾಲ್ಕನೇ ತರಗತಿಯ ಭಿನ್ನರಾಶಿ. ಏಳನೇ ತರಗತಿಯವರು ನೆಲ್ಲಿ ಮರದ ಮೇಲಿನ ಉಪ್ಪಿಲನ್ನು (ಬಂದಳಿಕೆಯನ್ನು) ನೋಡಿ ಬಂದು, ಪುಸ್ತಕದಲ್ಲಿರುವ ಪರಾವಲಂಬಿ ಸಸ್ಯದ ಪಾಠವನ್ನು ತಾವೇ ಬರೆದರು. ತರಗತಿ ತುಂಬ ಮಾಕಳಿಯ ಘಮ ಎರಡು ದಿನ ಇತ್ತು, ಅದು ಬೇರೆ ಮಾತು.

‘ಇದರಿಂದ ಏನು ಉಪಯೋಗ’ ಎಂದು ಕೇಳುವವರಿಗೆ 2011 ನೆನಪಿರಬೇಕು. ಹುಲಿ ಸಂರಕ್ಷಿತ ಪ್ರದೇಶ ಎಂದು ಘೋಷಣೆಯಾದ ಅದೇ ವರ್ಷ ಈ ಕಾಡಿನ ಮೇಲೆ ಸೋಲಿಗರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಯಾವ ಎಲ್ಲೆಯಲ್ಲಿ (ಒಂದೊಂದು ಕುಲದ ಕಾಡಿನ ಭಾಗದಲ್ಲಿ) ಯಾವ ದೇವರು, ಎಲ್ಲಿ ಮಾರಮ್ಮ, ಎಲ್ಲಿ ಕಲ್ಲುಗುಡಿ (ಸಮಾಧಿ ಕಲ್ಲು), ಎಲ್ಲಿ ಅಬ್ಬಿ ಎಂದು ಹೇಳಬಲ್ಲವರು ಇದ್ದದ್ದರಿಂದಲೇ ನಕ್ಷೆ ಮಾಡಲು ಆಯಿತು. ಅದನ್ನು ಹೇಳಬಲ್ಲವರಿಗೆ ಈಗ ವಯಸ್ಸಾಗಿದೆ. ಮನೆಯಲ್ಲೇ ಕಲಿಸುತ್ತೇವೆ ಎನ್ನುತ್ತೀರಿ. ಆದರೆ ಮಕ್ಕಳು ವರ್ಷದ ಹೆಚ್ಚು ದಿನ ಹಾಸ್ಟೆಲಿನಲ್ಲಿದ್ದಾರೆ, ನೀವು ಕಾಫಿ ತೋಟದ ಕೂಲಿಗೆ ಹೋಗಿರುತ್ತೀರಿ. ಕಲಿಸುವ ಹೊತ್ತು ಯಾವುದು? ಬೇಸರ ಮಾಡಿಕೊಳ್ಳಬೇಡಿ, ನಿಮ್ಮನ್ನು ದೂರುತ್ತಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದು ಇಟ್ಟುಕೊಂಡಿರುವುದು ಶಾಲೆ, ಹಾಗಾಗಿ ಹೊಣೆಯಲ್ಲಿ ಪಾಲು ಶಾಲೆಯದ್ದೂ ಇದೆ.

ಶನಿವಾರದ ಪಾಠದಲ್ಲಿ ಮಕ್ಕಳಿಗೆ ತರಗು ಬೆಂಕಿ (ಕಾಡಿನ ಒಣ ಎಲೆ, ಹುಲ್ಲು ಸುಡುವುದು) ಕಲಿಸುತ್ತಾರೆ ಎಂಬ ದೂರಿಗೆ ನೇರ ಉತ್ತರ: ಮಕ್ಕಳಿಗೆ ಕಡ್ಡಿ ಗೀರುವುದನ್ನು ಇಲ್ಲಿ ಯಾರೂ ಕಲಿಸಿಲ್ಲ, ಕಲಿಸುವುದೂ ಇಲ್ಲ. ಹಿಂದೆ ಬೇಸಿಗೆ ಬಲಿಯುವ ಮುಂಚೆ ತರಗನ್ನು ಸಣ್ಣದಾಗಿ ಸುಡುತ್ತಿದ್ದರು, ಅದು ನಿಂತ ಮೇಲೆ ಲಾಂಟಾನ ಕಳೆ ಹಬ್ಬಿತು, ನೆಲ್ಲಿಗೆ ಉಪ್ಪಿಲು ಹೆಚ್ಚಿತು ಎಂದು ಹಿರಿಯರು ಹೇಳಿದರು. ಇದನ್ನು ಸಂಶೋಧಕರೂ ಕೇಳಿ ಬರೆದುಕೊಂಡು ಹೋಗಿದ್ದಾರೆ. ಇವತ್ತು ಕಾಡಿಗೆ ಬೆಂಕಿ ಹಾಕುವುದು ಕಾನೂನಿನಲ್ಲಿ ಅಪರಾಧ ಎಂಬುದನ್ನೂ ಅದೇ ತರಗತಿಯಲ್ಲಿ ಅದೇ ದಿನ ಹೇಳಲಾಗಿದೆ. ಎರಡನ್ನೂ ತಿಳಿದ ಮಗುವಿನಿಂದ ಅಪಾಯವಿಲ್ಲ. ಇದರಿಂದ ಕೇಸು ಬೀಳುತ್ತದೆ ಎಂದು ಯಾರೋ ಹೆದರಿಸಿದ್ದರೆ ನನ್ನ ಹತ್ತಿರ ಕಳಿಸಿ.

ಎಸ್ಟೇಟ್ ಕೆಲಸಕ್ಕೆ ಬಂದ ತಮಿಳು ಮಾತಾಡುವ ಮನೆಯವರೂ ಕೇಳಿದ್ದಾರೆ: ನಮ್ಮ ಮಕ್ಕಳಿಗೆ ಇದೆಲ್ಲ ಯಾಕೆ? ಅವರೂ ಇದೇ ಬೆಟ್ಟದಲ್ಲಿ ಬೆಳೆಯುತ್ತಿರುವ ಮಕ್ಕಳು. ನಿಮ್ಮ ಮನೆಯ ಅಜ್ಜಿಯರೂ ಬರಲಿ, ಸಂತೋಷ.

ಕೆಳಗಿನ ಹೈಸ್ಕೂಲಿನಲ್ಲಿ ಮಾತು ಕೇಳಿ ನಗುತ್ತಾರೆ ಎಂಬ ನಿಮ್ಮ ಭಯ ಸುಳ್ಳಲ್ಲ, ಹಾಗೆ ನಗುವವರಿದ್ದಾರೆ. ಆದರೆ ಮಾತು ಮರೆಸಿ ಕಳಿಸಿದರೂ ನಗುವವರು ಬೇರೆ ನೆಪ ಹುಡುಕುತ್ತಾರೆ. ಬಿಳಿಗಿರಿಯಲ್ಲಿ ಸಿಕ್ಕ ಕಣಜದ ಹುಳುವಿನ ಒಂದು ಕುಲಕ್ಕೆ (ಜೀನಸ್) ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಹೇಳಿದ ದಿನ ಏಳನೇ ತರಗತಿಯ ಹುಡುಗರು ಗೋಡೆಯ ಮೇಲೆ ಕಣಜದ ಚಿತ್ರ ಬರೆದರು (ಹೊಸ ಸುಣ್ಣದ ಗೋಡೆ, ಬೈಯಲು ಮನಸ್ಸಾಗಲಿಲ್ಲ).

ಆದ್ದರಿಂದ ಈ ವರ್ಷ ಈ ವ್ಯವಸ್ಥೆ ಮುಂದುವರಿಯುತ್ತದೆ. ಕಲಿಕೆಯಲ್ಲಿ ಹಿಂದೆ ಬಿದ್ದರು ಎನ್ನಿಸಿದವರು ಯಾವ ದಿನವಾದರೂ ಮಗುವಿನ ಪುಸ್ತಕ ತಂದು ನನ್ನೆದುರಿಗೆ ಇಡಿ, ಕುಳಿತು ನೋಡೋಣ. ಅರ್ಧ ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಕನ್ನಡ, ಇಂಗ್ಲಿಷ್, ಗಣಿತದ ಅಂಕಗಳನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿ ಹೇಳುತ್ತೇನೆ. ಆಗ ಮತ್ತೆ ಜಗಳ ಆಡುವುದಿದ್ದರೆ ಆಡೋಣ.

ನಿಮ್ಮಿಂದ ಬೇಕಾದದ್ದು ಇಷ್ಟೇ: ಶನಿವಾರ ಮಕ್ಕಳನ್ನು ತೋಟದ ಕೆಲಸಕ್ಕೆ ಕರೆದೊಯ್ಯದೆ ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಕಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ