ಪತ್ರಿಕೆ ಪಿರಿಯಡ್: ಸೋಮವಾರದಿಂದ

ಮಾಷ್‌ಗಳಿಗೂ ಟೀಚರ್‌ಗಳಿಗೂ ನಮಸ್ಕಾರ.

ಹೈಸ್ಕೂಲ್ ಕನ್ನಡ ಡಿವಿಜನ್‌ಗಳಲ್ಲಿ ವಾರಕ್ಕೊಂದು ಪಿರಿಯಡ್ ಪತ್ರಿಕೆಗೆ. ಸುಮ್ನೆ ಒಬ್ಬ ನಿಂತು ಓದುವುದು ಬೇಡ, ಅದು ಅಸೆಂಬ್ಲಿಯಲ್ಲೇ ಆಗುತ್ತದೆ. ನಾಲ್ಕೈದು ಮಕ್ಕಳಿಗೆ ಒಂದು ಹಾಳೆ ಕೊಡಿ. ತಲೆಬರಹ ಮಡಚಿ ಮುಚ್ಚಿಡಿ. ಸುದ್ದಿ ಓದಿ ಅವರೇ ತಲೆಬರಹ ಕೊಡಲಿ. ಯಾಕೆ ಹಾಗೆ ಕೊಟ್ಟೆ ಅಂತ ಕೇಳಿದರೆ ಸಣ್ಣ ಜಗಳವೇ ಶುರುವಾಗುತ್ತದೆ. ಆಗಲಿ ಬಿಡಿ.

ಕಾಸರಗೋಡಿನವರಾದ ನಮಗೆ ಇನ್ನೊಂದು ಅನುಕೂಲ. ಒಂದೇ ಸುದ್ದಿ ಮಂಗಳೂರಿನ ಕನ್ನಡ ಪತ್ರಿಕೆಯಲ್ಲೂ ಸಿಗುತ್ತದೆ, ಮಲಯಾಳಂ ಪತ್ರಿಕೆಯಲ್ಲೂ ಸಿಗುತ್ತದೆ. ರಾಷ್ಟ್ರೀಯ ಹೆದ್ದಾರಿ 66ರ ಕಾಮಗಾರಿ ಸುದ್ದಿಯನ್ನು ಎರಡರಲ್ಲೂ ಓದಿಸಿ. ಯಾರ ಮಾತು ಹಾಕಿದ್ದಾರೆ, ಯಾರದ್ದು ಬಿಟ್ಟಿದ್ದಾರೆ ಅಂತ ಮಕ್ಕಳೇ ಹುಡುಕಲಿ.

ಬಾಯಿ ಬಿಡದವರಿಗೆ ಅಡಿಕೆ ಧಾರಣೆಯ ಪಟ್ಟಿ ಕೊಡಿ. ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳಿಗೆ ಹೊಸತು (ಈ ಬೆಳೆಯ ಅಡಿಕೆ), ಹಳತು (ಇಟ್ಟು ಹಳೆಯದಾದ ಅಡಿಕೆ) ಎಲ್ಲ ಮನೆಮಾತೇ ಅಲ್ವಾ? ಹಳತಕ್ಕೆ ಯಾಕೆ ರೇಟು ಜಾಸ್ತಿ ಅಂತ ನಮಗೇ ಪಾಠ ಮಾಡ್ತಾರೆ.

ಅಪಘಾತದ ಫೋಟೋ, ಮಕ್ಕಳ ಮನೆಯವರ ಹೆಸರಿರುವ ಸುದ್ದಿ ಬೇಡ. ರಾಜಕೀಯ ಬಂದರೆ ಬರಲಿ, ನಮ್ಮ ಪಕ್ಷ ಯಾವುದು ಅಂತ ಗೊತ್ತಾಗದಿದ್ದರೆ ಸಾಕು.

ಹಳೆ ಪತ್ರಿಕೆ ಗುಜರಿಗೆ ಹಾಕದೆ ಶುಕ್ರವಾರದೊಳಗೆ ಸ್ಟಾಫ್ ರೂಮಿಗೆ ತನ್ನಿ. ಮಲಯಾಳಂ ಪತ್ರಿಕೆ ಕಡಿಮೆ ಇದೆ.