ಕೈಯಿಂದ ಕೈಗೆ: ವೀಲ್‌ಚೇರ್ ವಾಲ್ಟ್ಸ್ ಕಲಿಸಹೊರಟ ಗೆಳೆಯನಿಗೆ

ಹಾಸನ

ಪ್ರೀತಿಯ ಮಂಜು,

ಇಷ್ಟು ವರ್ಷ ಬಾಲ್‌ರೂಮ್ ಎಂಬ ಪಾಶ್ಚಾತ್ಯ ಜೋಡಿ ನೃತ್ಯವನ್ನೇ ವೃತ್ತಿ ಮಾಡಿಕೊಂಡಿದ್ದ ನೀನು ಚಿಕ್ಕಮಗಳೂರಿನಲ್ಲಿ ವೀಲ್‌ಚೇರ್ ಬಳಸುವವರಿಗೂ ಕಲಿಸುತ್ತೀಯೆಂದು ಓದಿ ತುಂಬ ಖುಷಿಯಾಯಿತು. ವೀಲ್‌ಚೇರ್ ನೃತ್ಯಕ್ಕೆ ಹಿಂದೆ ಒಳ್ಳೆಯ ದಾರಿಯೇ ಇದೆ. 1968ರಲ್ಲಿ ಸ್ವೀಡನ್ನಿನಲ್ಲಿ ಚಿಕಿತ್ಸೆಯ ಭಾಗವಾಗಿ, ಮನಸ್ಸಿನ ಹಗುರಕ್ಕಾಗಿ ಶುರುವಾದದ್ದು 1998ರ ಹೊತ್ತಿಗೆ ಜಪಾನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯುವಷ್ಟು ಬೆಳೆಯಿತು. ಅಮೆರಿಕದ ಮೆಲಿಂಡಾ ಕ್ರೆಮರ್ ನಿನ್ನ ಹಾಗೆ ವೃತ್ತಿಯಿಂದ ಬಾಲ್‌ರೂಮ್ ನರ್ತಕಿ. ವೀಲ್‌ಚೇರ್ ಬಳಸುವ ಜೊತೆಗಾರರೊಂದಿಗೆ ಕೂತು ಅವರು ಇದಕ್ಕೆ ಪಾಠಕ್ರಮವನ್ನೇ ಕಟ್ಟಿದರು. ವೇದಿಕೆಯ ಪ್ರದರ್ಶನಗಳಿಗಿಂತ ಆ ಪಾಠಕ್ರಮವೇ ದೊಡ್ಡ ಕೆಲಸ ಎನ್ನುತ್ತೇನೆ, ಯಾಕೆಂದರೆ ಬೇರೆ ಮೇಷ್ಟ್ರುಗಳ ಕೈಗೂ ಅದು ಸಿಗುತ್ತದೆ.

ನಮ್ಮ ಕಡೆಯವರಿಗೆ ಸೈಯದ್ ಸಲ್ಲಾವುದ್ದೀನ್ ಪಾಷಾ ಅವರ ವೀಲ್‌ಚೇರ್ ಭರತನಾಟ್ಯ ಗೊತ್ತಿರಬಹುದು. ಜೋಡಿ ನೃತ್ಯದ ಕಷ್ಟ ಬೇರೆ. ಒಬ್ಬರು ನಿಂತು, ಒಬ್ಬರು ಕೂತು ಕುಣಿಯುವ ‘ಕಾಂಬಿ’ ಎಂಬ ಬಗೆಯಲ್ಲಿ ಹೊಸದಾಗಿ ಕಲಿಯಬೇಕಾದವರು ಹೆಚ್ಚಾಗಿ ನಿಂತವರೇ. ಕುರ್ಚಿಯ ಹಿಂದಿನ ಹಿಡಿ ಹಿಡಿದು ದೂಡಿದರೆ ಅದು ನೃತ್ಯವಲ್ಲ, ಸಾಗಣೆ. ಎಲ್ಲ ಸೂಚನೆಯೂ ಅಂಗೈಯಿಂದ ಅಂಗೈಗೇ ಹೋಗಬೇಕು.

ಕೂತವರ ಮೊಣಕೈ ತುಸು ಮಡಿಸಿ, ಬಿಗಿಯಾಗಿರಲಿ. ಸಡಿಲ ಬಿಟ್ಟರೆ ನೀನು ಎಳೆದಾಗ ತೋಳು ಮಾತ್ರ ಉದ್ದವಾಗುತ್ತದೆ, ಕುರ್ಚಿಗೆ ಏನೂ ತಲುಪುವುದಿಲ್ಲ. ಅವರ ಬಲಗೈಯನ್ನಷ್ಟೇ ಮುಂದಕ್ಕೆ ಎಳೆದರೆ ಕುರ್ಚಿ ಎಡಕ್ಕೆ ತಿರುಗುತ್ತದೆ. ನೇರ ಬರಬೇಕಿದ್ದರೆ ಎರಡೂ ಕೈಗೆ ಸಮ ಬಲ ಬೇಕು. ಸೊಂಟದ ಮೇಲೆ ಹಿಡಿತ ಕಡಿಮೆ ಇರುವವರಿಗೆ ಎದೆಪಟ್ಟಿ ಇಲ್ಲದೆ ಎಳೆಯಲೇಬೇಡ, ಕುರ್ಚಿ ಅಲ್ಲೇ ನಿಂತು ಮೈ ಮುಂದಕ್ಕೆ ಬಗ್ಗಿಬಿಡುತ್ತದೆ. ಕೈ ಅವರ ಭುಜಕ್ಕಿಂತ ಮೇಲೆ ಹೋಗದಂತೆ ನೋಡಿಕೊ. ನಿನ್ನ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ಕೂತವರದು ದಿನವಿಡೀ ಚಕ್ರ ತಳ್ಳುವ ಭುಜ; ಅಲ್ಲಿ ನೋವಾದರೆ ಅವರ ಓಡಾಟವೇ ನಿಲ್ಲುತ್ತದೆ.

ಶುರುವಿಗೆ ವಾಲ್ಟ್ಸ್ ಒಳ್ಳೆಯದು. ನಿಮಿಷಕ್ಕೆ ಮೂರೆಣಿಕೆಯ 28ರಿಂದ 30 ಆವರ್ತ, ಅಂದರೆ ಒಂದಕ್ಕೆ ಸುಮಾರು 2 ಸೆಕೆಂಡು. ನೀನು ಮೂರು ಹೆಜ್ಜೆ ಇಡುವಷ್ಟರಲ್ಲಿ ಕುರ್ಚಿಗೆ ಒಂದೇ ತಳ್ಳು ಸಾಕು: ಒಂದಕ್ಕೆ ತಳ್ಳು, ಎರಡು ಮೂರಕ್ಕೆ ಜಾರು. ಮೂರು ಎಣಿಕೆಗೂ ತಳ್ಳಿಸಿದರೆ ಕುಲುಕಾಟವೇ ಉಳಿಯುತ್ತದೆ. ನಿಂತವರು ಹಿಮ್ಮಡಿಯಿಂದ ಏರುವ ಕಡೆ ಕೂತವರು ಬೆನ್ನು ನೀಳ ಮಾಡಿ, ಎದೆ ಎತ್ತಿ ಏರಲಿ.

ಎಲ್ಲರೂ ಎಡವುವ ಜಾಗ, ಹಿಂದಕ್ಕೆ ಹೋಗುವುದು. ಮುಂದೆ ಬರುವಾಗ ಮುಂದಿನ ಚಿಕ್ಕ ಚಕ್ರಗಳು, ಆ ಕ್ಯಾಸ್ಟರ್‌ಗಳು, ಹಿಂದೆ ಬಾಗಿರುತ್ತವೆ. ದಿಕ್ಕು ಬದಲಿಸಿದ ಕೂಡಲೇ ಅರ್ಧ ಸುತ್ತು ಹೊಡೆಯುತ್ತವೆ, ಕುರ್ಚಿಯ ಮೂತಿ ಪಕ್ಕಕ್ಕೆ ಚಿಮ್ಮುತ್ತದೆ. ನೇರ ನಿಂತು ನೇರ ಹಿಂದೆ ಹೋಗಬೇಡ. ಮೂರನೇ ಎಣಿಕೆಗೆ ಸಣ್ಣ ತಿರುವು ಕೊಡು, ಆ ತಿರುವಿನಲ್ಲೇ ಕ್ಯಾಸ್ಟರ್ ಹೊರಳಿಕೊಳ್ಳಲಿ.

ಆಸ್ಪತ್ರೆಯ ಮಡಚುವ ಕುರ್ಚಿಯ ಚೌಕಟ್ಟು ಅಲುಗಾಡಿ ನಿನ್ನ ಕೈಯ ಸೂಚನೆಯನ್ನು ನುಂಗಿಬಿಡುತ್ತದೆ. ಮಡಚದ ಕುರ್ಚಿಯನ್ನೇ ಹುಡುಕು. ಹಿಂದಿನ ಚಕ್ರದ ಅಚ್ಚು ಮುಂದೆ ಬಂದಷ್ಟೂ ಹಗುರವಾಗಿ ತಿರುಗುತ್ತದೆ, ಹಿಂದಕ್ಕೆ ಮಗುಚುವ ಅಪಾಯವೂ ಅಷ್ಟೇ ಹೆಚ್ಚುತ್ತದೆ. ಕಲಿಯುವಾಗ, ಮಗುಚದಂತೆ ಹಿಂದೆ ಜೋಡಿಸಿದ ತಡೆಚಕ್ರ ಬಿಚ್ಚಬೇಡ. ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ ಕುರ್ಚಿ ಆ ಕಡೆಗೇ ಎಳೆಯುತ್ತದೆ. ದುಪಟ್ಟಾ, ಸೆರಗು ಕಡ್ಡಿಗೆ ಸಿಕ್ಕದಂತೆ ಚಕ್ರಕ್ಕೆ ಮುಚ್ಚಳ ಹಾಕಿಸು.

ಕಾಫಿ ಕಣ ವಿಶಾಲವಾಗಿದೆ ಎಂದು ಅಲ್ಲಿ ಅಭ್ಯಾಸ ಇಡಬೇಡ. ನೀರು ಹರಿಯಲು ಕೊಟ್ಟ ಇಳಿಜಾರಿನಲ್ಲಿ ಕುರ್ಚಿ ತಾನಾಗಿ ಸರಿಯುತ್ತದೆ. ರೆಡ್ ಆಕ್ಸೈಡ್ ನೆಲದ ಹಳೆಯ ಹಜಾರ ಸಿಕ್ಕರೆ ಬಿಡಬೇಡ. ಕಲ್ಯಾಣ ಮಂಟಪದ ಗ್ರಾನೈಟ್ ಮೇಲೆ ಚಕ್ರ ಚೆನ್ನಾಗಿ ಓಡುತ್ತದೆ, ನಿನ್ನ ಕಾಲು ಜಾರುತ್ತದೆ. ಮಳೆಗಾಲದಲ್ಲಿ ಬಾಗಿಲಲ್ಲೇ ಟೈರ್ ಒರೆಸಲು ಒಣ ಬಟ್ಟೆ ಇರಲಿ.

ಬೆನ್ನುಹುರಿಗೆ ಎದೆಯ ಮೇಲ್ಭಾಗದಲ್ಲಿ ಅಥವಾ ಕತ್ತಿನಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ ಬೆವರಿದರೆ ಅದನ್ನು ದಣಿವು ಎಂದುಕೊಳ್ಳಬೇಡ. ರಕ್ತದೊತ್ತಡ ಏರುತ್ತಿರಬಹುದು. ನೆಟ್ಟಗೆ ಕೂರಿಸು, ಪಟ್ಟಿಗಳನ್ನು ಸಡಿಲಿಸು, ಮೂತ್ರದ ನಳಿಕೆ ಮಡಚಿಕೊಂಡಿದೆಯೇ ನೋಡು. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಸ್ಪರ್ಧೆಯ ಮಾತು ಸದ್ಯ ಬೇಡ. ಇದು ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲ, ಮನೆಯವರಿಗೆ ಆ ಆಸೆ ಹುಟ್ಟಿಸಬೇಡ. ಮೊದಲ ವಾರ ನೀನೇ ಕುರ್ಚಿಯಲ್ಲಿ ಕೂತು, ಬೇರೆಯವರ ಕೈ ಹಿಡಿದು ವಾಲ್ಟ್ಸ್ ಮಾಡು. ಹಾಲ್ ಗೊತ್ತಾದ ಮೇಲೆ ಬಾಗಿಲಿನ ಅಗಲ, ಮೆಟ್ಟಿಲಿನ ಎತ್ತರ ಅಳೆದು ಬರೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕಾಗುತ್ತದೆ. ಅಷ್ಟು ಜಾಗ ಅಂಗಳದಲ್ಲಿದೆಯೇ ನೋಡು.

ನಿನ್ನ,
ಸುರೇಶ